ಕರಿಯ ಮಸಿಯಲ್ಲಿ ಬೂದು ಛಾಯೆ

ಕರಿ ಬಿಳಿ ಉಣ್ಣೆ ಬೆರೆಸಿ ನೇಯ್ದ ಚಳ್ಳಕೆರೆಯ ಕಂಬಳಿ ದೂರಕ್ಕೆ ಬೂದುಬಣ್ಣವಾಗಿ ತೋರುತ್ತದೆ. ಹತ್ತಿರ ಹೋದರೆ ಎರಡೇ ಬಗೆಯ ಎಳೆಗಳು. ಒಂದೇ ಮಸಿಯ ಮುದ್ರಣವೂ ಕಣ್ಣನ್ನು ವಂಚಿಸುವುದು ಹೀಗೆಯೇ. ಅಚ್ಚಿನ ಯಂತ್ರವು ಕಾಗದದ ಮೇಲೆ ಮಸಿಯನ್ನು ಇಟ್ಟೀತು, ಇಲ್ಲವೆ ಬಿಟ್ಟೀತು. ತೆಳುಮಸಿಯನ್ನು ಅದು ಅರಿಯದು. ಆದುದರಿಂದ ಛಾಯಾಚಿತ್ರವನ್ನು ಚುಕ್ಕೆಗಳಾಗಿ ಒಡೆಯಬೇಕು: ಗಾಢವಿದ್ದಲ್ಲಿ ದೊಡ್ಡವು, ತಿಳಿಯಿದ್ದಲ್ಲಿ ಸಣ್ಣವು. ಅಂಗುಲಕ್ಕೆ 150 ಸಾಲುಗಳಾದರೆ ಚುಕ್ಕೆಯಿಂದ ಚುಕ್ಕೆಗೆ ಸುಮಾರು 0.17 ಮಿಲಿಮೀಟರು. ಒಂದಡಿ ದೂರದಲ್ಲಿ ಹಿಡಿದಾಗ ಇವನ್ನು ಬಿಡಿಸಿ ಕಾಣುವುದು ಕಣ್ಣಿಗೆ ಬಹುಮಟ್ಟಿಗೆ ಅಸಾಧ್ಯ.

ಮೊಳಕಾಲ್ಮೂರಿನ ನೇಕಾರ ಮಿತ್ರರೊಬ್ಬರ ವಿಸಿಟಿಂಗ್ ಕಾರ್ಡಿಗೆ ನಾವು ರೇಷ್ಮೆ ಸೀರೆಯ ಚಿತ್ರವನ್ನು ಸಿದ್ಧಪಡಿಸಿಕೊಟ್ಟಿದ್ದೆವು. ಕಂಪ್ಯೂಟರಿನ ಪರದೆಯ ಮೇಲೆ ಸೆರಗಿನ ಬುಟ್ಟಾಗಳೆಲ್ಲ ಸ್ಪಷ್ಟ. ಅಚ್ಚಾಗಿ ಬಂದುದು ಕರಿಯ ಮುದ್ದೆ. ನೇಯ್ಗೆಯೇ ಕಾಣದ ಕಾರ್ಡನ್ನು ನೇಕಾರರು ಯಾರ ಕೈಗೆ ಕೊಟ್ಟಾರು? ತಪ್ಪು ನಮ್ಮದೇ. ನುಣುಪಿಲ್ಲದ ಕಾಗದವು ಮಸಿಯನ್ನು ಹೀರಿ ಚುಕ್ಕೆಯನ್ನು ಹಿಗ್ಗಿಸುತ್ತದೆ. ನೂರಕ್ಕೆ 50ರಷ್ಟು ಮಸಿ ಬೇಡಿದ ಛಾಯೆ 70ರಂತೆ ಕಂಡೀತು. ಕಾಗದದೊಳಗೆ ಚದರಿದ ಬೆಳಕು ಚುಕ್ಕೆಯಡಿ ಸಿಕ್ಕಿ ನಷ್ಟವಾಗುವುದೂ ಇದಕ್ಕೆ ಕಾರಣ (ಭೌತಶಾಸ್ತ್ರದವರಾದ ನಮಗೆ ರುಚಿಸುವ ಭಾಗ ಇದು!).

ಮತ್ತೆ ಅಚ್ಚಿಗೆ ಕೊಡುವ ಮುನ್ನ ನಡುಛಾಯೆಗಳನ್ನು ತಿಳಿಗೊಳಿಸಿ, ಅತಿ ಗಾಢವಾದುದನ್ನೂ 90ಕ್ಕೆ ನಿಲ್ಲಿಸಿದೆವು. ಪರದೆಯ ಮೇಲೆ ಚಿತ್ರವು ಪೇಲವವಾಗಿ ಕಂಡು ಮಿತ್ರರು ಸಂದೇಹಪಟ್ಟರು. ಕಾರ್ಡಿನಲ್ಲಿ ಬುಟ್ಟಾಗಳು ಮೂಡಿದುವು.