ಎವರೆಸ್ಟ್ ಏರಬೇಕೇ? ಮೊದಲು ಪರ್ಮಿಟ್ ಬೆಟ್ಟ ಹತ್ತಿ!

* ನೇಪಾಳದಲ್ಲಿ ತಲೆಗೆ 15 ಸಾವಿರ ಡಾಲರ್ * ಹದಿನಾರು ತುಂಬದವರಿಗೆ ಅನುಮತಿ ಇಲ್ಲ * ಭಾರತದ ಶಿಖರಗಳಿಗೆ ದೆಹಲಿಯ ಒಪ್ಪಿಗೆ

ದೂರದ ಬೆಟ್ಟ ನುಣ್ಣಗೆ ಅನ್ನೋದು ಹಳೇ ಗಾದೆ. ಹಿಮಾಲಯದ ಮಟ್ಟಿಗೆ ಇದು ಬರೀ ಕಲ್ಲು ಮತ್ತು ಹಿಮದ ಮಾತಲ್ಲ, ಕಾಗದಪತ್ರದ ಮಾತೂ ಹೌದು. ಹಗ್ಗ, ಬೂಟು, ಆಮ್ಲಜನಕದ ಸಿಲಿಂಡರ್ ಹೊಂದಿಸಿಕೊಂಡವರೆಲ್ಲ ಶಿಖರ ಹತ್ತಲು ಆಗುವುದಿಲ್ಲ. ಅದಕ್ಕೂ ಮುಂಚೆ ಒಂದು ಸರ್ಕಾರ, ಕೆಲವೊಮ್ಮೆ ಎರಡು-ಮೂರು ಸರ್ಕಾರಿ ಇಲಾಖೆಗಳು ‘ಹೂಂ’ ಅನ್ನಬೇಕು.

8,848.86 ಮೀಟರ್ ಎತ್ತರದ ಎವರೆಸ್ಟನ್ನು ನೇಪಾಳದ ಕಡೆಯಿಂದ ಏರಲು ವಿದೇಶೀಯರು ಕಟ್ಟಬೇಕಾದ ರಾಯಧನ 2025ರ ಸೆಪ್ಟೆಂಬರ್‌ನಿಂದ ತಲೆಗೆ 15 ಸಾವಿರ ಡಾಲರ್. ಅದಕ್ಕೆ ಮುಂಚೆ, 2015ರಿಂದ, 11 ಸಾವಿರ ಇತ್ತು. ಈಗಿನ ದರ ರೂಪಾಯಿ ಲೆಕ್ಕದಲ್ಲಿ ಹದಿಮೂರು ಲಕ್ಷದ ಆಸುಪಾಸು. ಗಡಿ ಭಾಗದ ಸಣ್ಣ ಪೇಟೆಯಲ್ಲಿ ಮನೆ ಕಟ್ಟಲು ಪಾಯ ತೋಡಿಸಿ, ಗೋಡೆ ಎಬ್ಬಿಸುವಷ್ಟು ದುಡ್ಡು. ಇದು ಬರೀ ಬಾಗಿಲ ಸುಂಕ. ಶೆರ್ಪಾ, ಡೇರೆ, ಊಟ, ಆಮ್ಲಜನಕ, ವಿಮೆ ಎಲ್ಲ ಇದರ ಮೇಲೆ.

ನೇಪಾಳಕ್ಕೆ ಹೋಗಲು ಭಾರತೀಯರಿಗೆ ವೀಸಾ ಬೇಡ, ಹಾಗಾಗಿ ಶುಲ್ಕದಲ್ಲೂ ರಿಯಾಯಿತಿ ಇದ್ದೀತು ಅಂತ ಹಲವರು ತಿಳಿದಿರುತ್ತಾರೆ. ಶಿಖರದ ರಾಯಧನದಲ್ಲಿ ಅಂಥ ದಯೆ ಏನೂ ಇಲ್ಲ. ಅಮೆರಿಕದವನಿಗೂ ಅಕ್ಕಲಕೋಟೆಯವನಿಗೂ ಒಂದೇ ದರ. ಸಾರ್ಕ್ ದೇಶದವರಿಗೆ ರಿಯಾಯಿತಿ ಇರುವುದು ಸಾಗರಮಾತಾ ರಾಷ್ಟ್ರೀಯ ಉದ್ಯಾನದ ಪ್ರವೇಶ ಶುಲ್ಕದಲ್ಲಿ ಮಾತ್ರ.

ಪೂರ್ಣಾ ಬೇರೆ ದಾರಿ ಹಿಡಿದಿದ್ದೇಕೆ?

ನಿಜಾಮಾಬಾದ್ ಜಿಲ್ಲೆಯ ಪಾಕಾಲದ ಹುಡುಗಿ ಮಾಲಾವತ್ ಪೂರ್ಣಾ ಹೆಸರು ತೆಲಂಗಾಣದ ಕನ್ನಡ ಮನೆಗಳಿಗೂ ಹೊಸದಲ್ಲ. ಸಮಾಜ ಕಲ್ಯಾಣ ವಸತಿ ಶಾಲೆಯ ಈ ವಿದ್ಯಾರ್ಥಿನಿ 2014ರ ಮೇ 25ರಂದು ಎವರೆಸ್ಟ್ ತುದಿಯಲ್ಲಿ ನಿಂತಾಗ ಅವಳಿಗೆ ಇನ್ನೂ ಹದಿನಾಲ್ಕು ತುಂಬಿರಲಿಲ್ಲ. ತೆಲಂಗಾಣ ರಾಜ್ಯ ಹುಟ್ಟಲು ಆಗ ಒಂದೇ ವಾರ ಬಾಕಿ. ಜೊತೆಗೆ ಖಮ್ಮಂ ಕಡೆಯ ಆನಂದ್ ಕುಮಾರ್ ಕೂಡ ಇದ್ದ. ಕೂಲಿ ಮಾಡುವವರ ಮಗಳು ಜಗತ್ತಿನ ನೆತ್ತಿ ಮುಟ್ಟಿದ ಕಥೆ ಎಲ್ಲರಿಗೂ ಗೊತ್ತು. ಪರ್ಮಿಟ್ಟಿನ ಕಥೆ ಅಷ್ಟು ಗೊತ್ತಿಲ್ಲ.

ನೇಪಾಳದ ನಿಯಮದಲ್ಲಿ ಹದಿನಾರು ತುಂಬದವರಿಗೆ ಪರ್ಮಿಟ್ ಇಲ್ಲ. ಪೂರ್ಣಾ ಏರಿದ್ದು ಟಿಬೆಟ್ ಕಡೆಯ ಉತ್ತರದ ದಾರಿಯಿಂದ. ಅಲ್ಲಿ ಅನುಮತಿ ಕೊಡುವುದು ಚೀನಾದ ಆಡಳಿತ. ಒಂದೇ ಶಿಖರಕ್ಕೆ ಎರಡು ದೇಶದ ಎರಡು ಬಾಗಿಲು, ಎರಡು ಕಾನೂನು. ಗಡಿ ಗೆರೆಯ ಈಚೆಗೊಂದು ನಿಯಮ, ಆಚೆಗೊಂದು ನಿಯಮ ಅನ್ನುವುದನ್ನು ತಲಪಾಡಿ ಗೇಟು ದಾಟಿ ಓಡಾಡುವವರಿಗೆ ಬಿಡಿಸಿ ಹೇಳಬೇಕಿಲ್ಲ. ಆ ಹುಡುಗಿ ನೇಪಾಳದ ಕಚೇರಿಗೇ ಹೋಗಿದ್ದರೆ ಇನ್ನೂ ಎರಡು ವರ್ಷ ಕಾಯಬೇಕಾಗಿತ್ತು.

ಅವಳ ತಯಾರಿಯೂ ಸಣ್ಣದಲ್ಲ. ಭುವನಗಿರಿಯ ಬಂಡೆಯಲ್ಲಿ ಮೊದಲ ಪಾಠ, ಆಮೇಲೆ ಡಾರ್ಜಿಲಿಂಗ್‌ನಲ್ಲಿ ತರಬೇತಿ. ಚೀಟಿ ಬಂದದ್ದು ಅದೆಲ್ಲ ಆದ ಮೇಲೆ.

ಕಠ್ಮಂಡುವಿನಲ್ಲಿ ಏನೇನು ನಡೆಯುತ್ತೆ?

ಎವರೆಸ್ಟ್‌ನಂಥ ದೊಡ್ಡ ಶಿಖರಗಳಿಗೆ ಪರ್ಮಿಟ್ ಕೊಡುವುದು ನೇಪಾಳ ಸರ್ಕಾರದ ಪ್ರವಾಸೋದ್ಯಮ ಇಲಾಖೆ. ‘ಟ್ರೆಕ್ಕಿಂಗ್ ಪೀಕ್’ ಎಂದು ಕರೆಯುವ ಐಲ್ಯಾಂಡ್ ಪೀಕ್, ಮೇರಾ ಮುಂತಾದ ಆರು ಸಾವಿರ ಮೀಟರ್ ಆಸುಪಾಸಿನ ಶಿಖರಗಳ ಚೀಟಿಯನ್ನು ನೇಪಾಳ ಪರ್ವತಾರೋಹಣ ಸಂಘ ಕೊಡುತ್ತದೆ. ಯಾವ ಶಿಖರ ಯಾರ ಕೈಯಲ್ಲಿದೆ ಅಂತ ತಿಳಿಯದೆ ಹೋದವರು ಅಲ್ಲಿಂದಿಲ್ಲಿಗೆ ಅಲೆದು ಚಪ್ಪಲಿ ಸವೆಸಬೇಕಾಗುತ್ತದೆ.

ದೊಡ್ಡ ಶಿಖರಕ್ಕೆ ಒಬ್ಬರೇ ನೇರವಾಗಿ ಹೋಗಿ ಅರ್ಜಿ ಹಾಕಿ ಬರುವ ಹಾಗಿಲ್ಲ. ನೇಪಾಳದಲ್ಲಿ ನೋಂದಾಯಿತ ಏಜೆನ್ಸಿ ಮೂಲಕವೇ ಹೋಗಬೇಕು. ತಂಡದ ಪಟ್ಟಿ, ಏರುವ ದಾರಿ, ಪಾಸ್‌ಪೋರ್ಟ್ ಪ್ರತಿ, ವೈದ್ಯರ ಸರ್ಟಿಫಿಕೇಟ್, ಕೆಲಸಗಾರರ ವಿಮೆ ಎಲ್ಲವನ್ನೂ ಏಜೆನ್ಸಿ ಸಲ್ಲಿಸುತ್ತದೆ. ತಂಡಕ್ಕೆ ಸರ್ಕಾರದ ಕಡೆಯಿಂದ ಒಬ್ಬ ಸಂಪರ್ಕಾಧಿಕಾರಿ ಗೊತ್ತಾಗುತ್ತಾರೆ.

ಗಡಿನಾಡಿನವರು ಒಂದು ವಿಷಯ ಮೊದಲೇ ನೋಡಿಕೊಳ್ಳುವುದು ಒಳ್ಳೆಯದು. ಶಾಲೆಯ ದಾಖಲೆಯಲ್ಲಿ ಕನ್ನಡದ ಉಚ್ಚಾರ, ರೇಷನ್ ಕಾರ್ಡಿನಲ್ಲಿ ಮಲಯಾಳದ್ದೋ ಮರಾಠಿಯದ್ದೋ ಉಚ್ಚಾರ, ಇನಿಷಿಯಲ್ ಒಂದು ಕಡೆ ಮುಂದೆ, ಇನ್ನೊಂದು ಕಡೆ ಹಿಂದೆ. ಈ ಗೋಳು ಎಲ್ಲ ಗಡಿಯಲ್ಲೂ ಇದ್ದದ್ದೇ. ಪಾಸ್‌ಪೋರ್ಟಿನಲ್ಲಿ ಇರುವ ಹೆಸರೇ ವಿಮೆಯಲ್ಲೂ ಪರ್ಮಿಟ್ಟಿನಲ್ಲೂ ಅಕ್ಷರ ತಪ್ಪದೆ ಬರಬೇಕು. ವಿಮಾನದಲ್ಲಿ ನೇಪಾಳಕ್ಕೆ ಹೋಗುವ ವಯಸ್ಕರಿಗೆ ಪಾಸ್‌ಪೋರ್ಟ್ ಇಲ್ಲವೇ ಮತದಾರರ ಗುರುತಿನ ಚೀಟಿ ನಡೆಯುತ್ತದೆ, ಆಧಾರ್ ನಡೆಯುವುದಿಲ್ಲ. ಆಧಾರ್ ಒಂದಿದ್ದರೆ ಸಾಕು ಅಂದುಕೊಂಡು ವಿಮಾನ ನಿಲ್ದಾಣದವರೆಗೆ ಹೋಗಿ ಬರಿಗೈಯಲ್ಲಿ ವಾಪಸಾದರೆ ಯಾರನ್ನು ದೂರುವುದು?

ಎಲ್ಲರೂ ಹೋಗುವುದು ವಸಂತದಲ್ಲಿ, ಏಪ್ರಿಲ್-ಮೇ ತಿಂಗಳಲ್ಲಿ. ಶರತ್ಕಾಲಕ್ಕೆ ಎವರೆಸ್ಟ್ ದರ 7,500 ಡಾಲರ್, ಚಳಿಗಾಲ ಮತ್ತು ಮಳೆಗಾಲಕ್ಕೆ 3,750. ಅಗ್ಗ ಅಂತ ಚಳಿಗಾಲದಲ್ಲಿ ಹೊರಡುವವರು ಬೆರಳೆಣಿಕೆ. ಅಲ್ಲಿನ ಗಾಳಿಗೆ ರಿಯಾಯಿತಿ ಗೊತ್ತಿಲ್ಲವಲ್ಲ! ಪರ್ಮಿಟ್ ಅವಧಿಯನ್ನೂ 75 ದಿನದಿಂದ 55 ದಿನಕ್ಕೆ ಇಳಿಸಲಾಗಿದೆ. ಎಂಟು ಸಾವಿರ ಮೀಟರ್ ಮೀರಿದ ಶಿಖರಗಳಲ್ಲಿ ಇಬ್ಬರಿಗೆ ಒಬ್ಬ ಮಾರ್ಗದರ್ಶಿ ಇರಲೇಬೇಕು.

ಈ ಲೆಕ್ಕ ಹಿಂದೆ ಬೇರೆ ಥರ ಇತ್ತು. 2015ಕ್ಕೆ ಮುಂಚೆ ಒಬ್ಬನೇ ಹೋದರೆ 25 ಸಾವಿರ ಡಾಲರ್, ಏಳು ಜನರ ತಂಡವಾದರೆ ಒಟ್ಟು 70 ಸಾವಿರ. ಹೀಗಾಗಿ ಮುಖಪರಿಚಯವೂ ಇಲ್ಲದವರು ಕಾಗದದ ಮೇಲೆ ಒಂದೇ ತಂಡವಾಗುತ್ತಿದ್ದರು. ಮದುವೆಗೆ ಹೋಗಲು ಟೆಂಪೊ ಬಾಡಿಗೆ ಹಂಚಿಕೊಂಡ ಹಾಗೆ. ಬೆಟ್ಟದ ಮೇಲೆ ಒಬ್ಬನಿಗೆ ಉಸಿರು ಕಟ್ಟಿದರೆ ಆ ‘ತಂಡ’ದಲ್ಲಿ ಯಾರಿಗೆ ಯಾರು ಹೊಣೆ ಅನ್ನುವುದು ಆ ಕಾಗದದಲ್ಲಿ ಇರುತ್ತಿರಲಿಲ್ಲ. ತಲೆಗಿಷ್ಟು ಅಂತ ಮಾಡಿದ ಮೇಲೆ ಈ ಕಾಗದದ ಒಡನಾಟ ತಪ್ಪಿತು.

ಚೀಟಿ ಹೆಚ್ಚಾದಷ್ಟೂ ಸಾಲು ಉದ್ದ

2019ರ ವಸಂತದಲ್ಲಿ ನೇಪಾಳ 381 ಪರ್ಮಿಟ್ ಕೊಟ್ಟಿತು. ಹವೆ ತಿಳಿಯಾದ ದಿನಗಳು ಕೆಲವೇ ಇದ್ದವು. ಆ ಮೇ ತಿಂಗಳಲ್ಲಿ ತುದಿಯ ಕೆಳಗಿನ ಕಡಿದಾದ ಏಣಿನಲ್ಲಿ ರೇಷನ್ ಅಂಗಡಿ ಮುಂದಿನ ಸಾಲಿನಂತೆ ಜನ ಒಬ್ಬರ ಹಿಂದೊಬ್ಬರು ನಿಂತ ಚಿತ್ರ ಜಗತ್ತಿನ ಪತ್ರಿಕೆಗಳಲ್ಲೆಲ್ಲ ಬಂತು. ಆ ಋತುವಿನಲ್ಲಿ ಎವರೆಸ್ಟ್ ಮೇಲೆ ಹನ್ನೊಂದು ಮಂದಿ ಸತ್ತರು, ಅವರಲ್ಲಿ ಭಾರತೀಯರೂ ಇದ್ದರು. ಆದರೂ ಸಂಖ್ಯೆ ತಗ್ಗಲಿಲ್ಲ. 2023ರಲ್ಲಿ 478 ಪರ್ಮಿಟ್ ಹೋಯಿತು, ಅಲ್ಲಿಯವರೆಗಿನ ದಾಖಲೆ. ಸಂಖ್ಯೆಗೆ ಮಿತಿ ಹಾಕಿ ಎಂದು ನೇಪಾಳದ ಸುಪ್ರೀಂ ಕೋರ್ಟೇ 2024ರಲ್ಲಿ ಹೇಳಿತು. ಬಡ ದೇಶಕ್ಕೆ ಈ ರಾಯಧನ ದೊಡ್ಡ ಆದಾಯ. ಹಾಗಾಗಿ ಮಿತಿಗಿಂತ ದರ ಏರಿಸುವ ದಾರಿಯೇ ಅದಕ್ಕೆ ಸಲೀಸಾಗಿ ಕಂಡಿತು ಅನ್ನಬೇಕು.

ಏಳು ಸಾವಿರ ಮೀಟರ್ ಮೀರಿದ ನೇಪಾಳದ ಶಿಖರವೊಂದನ್ನು ಏರಿದವರಿಗೆ ಮಾತ್ರ ಎವರೆಸ್ಟ್ ಚೀಟಿ ಕೊಡಬೇಕೆಂಬ ಮಸೂದೆಯನ್ನು 2025ರಲ್ಲಿ ಅಲ್ಲಿನ ಸಂಸತ್ತಿನಲ್ಲಿ ಮಂಡಿಸಲಾಯಿತು. ಹೊರಡುವ ಯೋಚನೆ ಇದ್ದವರು ಆ ವರ್ಷದ ನಿಯಮವನ್ನು ಏಜೆನ್ಸಿಯ ಬಾಯಿಮಾತಿನಲ್ಲಿ ಕೇಳಿ ಬಿಡದೆ, ಇಲಾಖೆಯ ಪ್ರಕಟಣೆಯಲ್ಲೇ ನೋಡಬೇಕು.

ನಿಯಮದ ಹೆಸರಲ್ಲಿ ಅನ್ಯಾಯವೂ ಆದದ್ದುಂಟು. ಎರಡೂ ಕಾಲಿಲ್ಲದವರಿಗೆ ಮತ್ತು ಕಣ್ಣು ಕಾಣದವರಿಗೆ ಪರ್ಮಿಟ್ ಇಲ್ಲ ಎಂದು 2017ರ ಕೊನೆಯಲ್ಲಿ ನೇಪಾಳ ಆದೇಶ ಮಾಡಿತ್ತು. ವಿಷಯ ಕೋರ್ಟಿಗೆ ಹೋಗಿ 2018ರಲ್ಲಿ ಆ ಆದೇಶ ನಿಂತಿತು. ಅಫ್ಘಾನಿಸ್ತಾನದಲ್ಲಿ ಸ್ಫೋಟಕ್ಕೆ ಸಿಕ್ಕಿ ಎರಡೂ ಕಾಲು ಕಳೆದುಕೊಂಡಿದ್ದ ಮಾಜಿ ಗೂರ್ಖಾ ಯೋಧ ಹರಿ ಬುಢಾ ಮಗರ್ 2023ರ ಮೇ ತಿಂಗಳಲ್ಲಿ ಕೃತಕ ಕಾಲಿನಲ್ಲೇ ಎವರೆಸ್ಟ್ ತುದಿ ಮುಟ್ಟಿದರು.

ಖರ್ಚಿಗೆ ಹೆದರುವವರಿಗೆ ಒಂದು ಸುದ್ದಿ: ಪಶ್ಚಿಮ ನೇಪಾಳದ ಕರ್ಣಾಲಿ ಮತ್ತು ಸುದೂರ ಪಶ್ಚಿಮ ಪ್ರಾಂತ್ಯಗಳ 97 ಶಿಖರಗಳಿಗೆ 2025ರ ಜುಲೈನಿಂದ ಎರಡು ವರ್ಷ ರಾಯಧನವೇ ಇಲ್ಲ. ಅದರಲ್ಲಿ 7,132 ಮೀಟರ್‌ನ ಅಪಿ ಕೂಡ ಸೇರಿದೆ. ರಸ್ತೆ, ಹೋಟೆಲು ಕಡಿಮೆ. ಜನ ಇಲ್ಲದ ಬೆಟ್ಟದಲ್ಲಿ ಸಹಾಯಕ್ಕೂ ಜನ ಇರುವುದಿಲ್ಲ ಅನ್ನುವುದು ನೆನಪಿರಲಿ.

ಹತ್ತದೇ ಸರ್ಟಿಫಿಕೇಟ್ ತಂದವರು!

ಪರ್ಮಿಟ್ ಇದ್ದವರು ಹತ್ತಿ ಬಂದ ಮೇಲೆ ಫೋಟೊ ಮತ್ತು ವರದಿ ಆಧಾರದಲ್ಲಿ ಸರ್ಟಿಫಿಕೇಟ್ ಸಿಗುತ್ತದೆ. 2016ರಲ್ಲಿ ಪುಣೆಯ ಪೊಲೀಸ್ ದಂಪತಿ ಎವರೆಸ್ಟ್ ಏರಿದೆವೆಂದು ಸರ್ಟಿಫಿಕೇಟ್ ಪಡೆದು ಸುದ್ದಿಯಾದರು. ಅವರು ತೋರಿಸಿದ ಫೋಟೊ ತನ್ನದು, ತಲೆ ಮಾತ್ರ ಅವರದು ಎಂದು ಹೇಳಿದ್ದು ಬೆಂಗಳೂರಿನಲ್ಲಿ ಕೆಲಸದಲ್ಲಿದ್ದ ಪರ್ವತಾರೋಹಿ ಸತ್ಯರೂಪ್ ಸಿದ್ಧಾಂತ. ನೇಪಾಳ ಸರ್ಟಿಫಿಕೇಟ್ ರದ್ದು ಮಾಡಿ ಹತ್ತು ವರ್ಷ ನಿಷೇಧ ಹಾಕಿತು. ಮಹಾರಾಷ್ಟ್ರ ಪೊಲೀಸ್ ಇಲಾಖೆ ಇಬ್ಬರನ್ನೂ ಕೆಲಸದಿಂದ ತೆಗೆಯಿತು. ಸರ್ಕಾರಿ ನೌಕರಿ, ಬಹುಮಾನ, ಸನ್ಮಾನ ಇವೆಲ್ಲ ಆ ಒಂದು ಹಾಳೆಯ ಹಿಂದೆ ಬರುವುದರಿಂದಲೇ ಇಂಥ ಆಸೆ ಹುಟ್ಟುವುದು.

ಭಾರತದಲ್ಲಿ ದೆಹಲಿಯೇ ದಾರಿ

ನಮ್ಮ ದೇಶದ ಹಿಮಶಿಖರಗಳಿಗೆ ಅರ್ಜಿ ಹೋಗಬೇಕಾದ್ದು ದೆಹಲಿಯ ಭಾರತೀಯ ಪರ್ವತಾರೋಹಣ ಪ್ರತಿಷ್ಠಾನಕ್ಕೆ, ಅಂದರೆ ಐಎಂಎಫ್‌ಗೆ. ಅರ್ಜಿದಾರ ಕಾಸರಗೋಡಿನವನೋ ಮಡಕಶಿರದವನೋ ಅನ್ನುವುದು ಅಲ್ಲಿ ಮುಖ್ಯವಲ್ಲ. ಶಿಖರ, ದಾರಿ, ತಂಡದ ಅನುಭವ ಮುಖ್ಯ. ಇದು ಒಂದು ಬಾಗಿಲು ಮಾತ್ರ. ರಾಷ್ಟ್ರೀಯ ಉದ್ಯಾನದೊಳಗಾದರೆ ಅರಣ್ಯ ಇಲಾಖೆ, ಟಿಬೆಟ್ ಗಡಿಗೆ ಹತ್ತಿರವಾದರೆ ಜಿಲ್ಲಾಡಳಿತದ ‘ಇನ್ನರ್ ಲೈನ್’ ಪರ್ಮಿಟ್ ಬೇರೆ.

ಕೆಲವು ಬಾಗಿಲು ಮುಚ್ಚಿಯೇ ಇವೆ. ನಂದಾದೇವಿಯ ಒಳ ಕಣಿವೆಯನ್ನು ಪರಿಸರ ಹಾಳಾಯಿತೆಂದು ಎಂಬತ್ತರ ದಶಕದ ಆರಂಭದಲ್ಲೇ ಮುಚ್ಚಲಾಯಿತು. ಕಾಂಚನಜುಂಗಾ ಸಿಕ್ಕಿಂ ಜನರಿಗೆ ದೇವರು. 1955ರಲ್ಲಿ ಮೊದಲ ಬಾರಿ ನೇಪಾಳದ ಕಡೆಯಿಂದ ಅದನ್ನು ಏರಿದ ಬ್ರಿಟಿಷರು ಸಿಕ್ಕಿಂ ದೊರೆಗೆ ಕೊಟ್ಟ ಮಾತಿನಂತೆ ತುತ್ತತುದಿ ತುಳಿಯದೆ ಕೆಲವು ಅಡಿ ಕೆಳಗೇ ನಿಂತರು. 2019ರಲ್ಲಿ ಕೇಂದ್ರ ಸರ್ಕಾರ ವಿದೇಶೀಯರಿಗೆ 137 ಶಿಖರ ತೆರೆದಾಗ ಪಟ್ಟಿಯಲ್ಲಿ ಕಾಂಚನಜುಂಗಾ ಹೆಸರೂ ಸೇರಿ, ಸಿಕ್ಕಿಂನಲ್ಲಿ ದೊಡ್ಡ ವಿರೋಧ ಎದ್ದಿತು. ಊರ ಗುಡ್ಡದ ನೆತ್ತಿಯಲ್ಲಿ ಭೂತಸ್ಥಾನವೋ ಮಲ್ಲಯ್ಯನ ಗುಡಿಯೋ ಇರುವ ಕಡೆಯವರಿಗೆ ಆ ಸಿಟ್ಟು ಅರ್ಥವಾಗದ್ದೇನಲ್ಲ.

ಗಲ್ಫಿನ ನಂಟಿರುವ ಮನೆಗಳಿಗೆ ಇನ್ನೊಂದು ಎಚ್ಚರಿಕೆ. ಅಣ್ಣನೋ ಮಾವನೋ ದುಬೈಯಿಂದ ತಂದ ಸ್ಯಾಟಲೈಟ್ ಫೋನನ್ನು ‘ಬೆಟ್ಟದಲ್ಲಿ ಸಿಗ್ನಲ್ ಇರಲ್ಲ, ಇರಲಿ’ ಅಂತ ಚೀಲಕ್ಕೆ ಹಾಕಿಕೊಂಡು ಹೋಗಬೇಡಿ. ದೂರಸಂಪರ್ಕ ಇಲಾಖೆಯ ಅನುಮತಿ ಇಲ್ಲದೆ ಭಾರತದಲ್ಲಿ ಅದನ್ನು ಇಟ್ಟುಕೊಳ್ಳುವುದೇ ಅಪರಾಧ. ಗೊತ್ತಿಲ್ಲದೆ ತಂದ ವಿದೇಶಿ ಪ್ರವಾಸಿಗಳು ಪೊಲೀಸರ ಕೈಗೆ ಸಿಕ್ಕ ಪ್ರಕರಣಗಳಿವೆ.

ಅನುಭವ ಎಲ್ಲಿಂದ ತರುವುದು ಅಂದರೆ, ಡಾರ್ಜಿಲಿಂಗ್, ಉತ್ತರಕಾಶಿ, ಮನಾಲಿಯ ಸರ್ಕಾರಿ ಸಂಸ್ಥೆಗಳಲ್ಲಿ ಸುಮಾರು ಒಂದು ತಿಂಗಳ ಪ್ರಾಥಮಿಕ ಕೋರ್ಸ್ ಇದೆ. ಖಾಸಗಿ ಕಂಪನಿಗಳ ಖರ್ಚಿಗೆ ಹೋಲಿಸಿದರೆ ಇಲ್ಲಿನ ಶುಲ್ಕ ಕಡಿಮೆ. ಒಳ್ಳೆಯ ದರ್ಜೆ ಬಂದವರಿಗೆ ಮುಂದಿನ ಕೋರ್ಸ್. ಸೀಟಿಗೆ ಕಾಯಬೇಕು. ಅಲ್ಲಿಯೂ ಅಪಾಯ ಇಲ್ಲವೆಂದಲ್ಲ. 2022ರ ಅಕ್ಟೋಬರ್ 4ರಂದು ದ್ರೌಪದಿ ಕಾ ಡಾಂಡಾ ಶಿಖರದಲ್ಲಿ ಹಿಮಕುಸಿತಕ್ಕೆ ಸಿಕ್ಕವರು ಉತ್ತರಕಾಶಿ ಸಂಸ್ಥೆಯ ತರಬೇತಿ ತಂಡದವರೇ. ಕರ್ನಾಟಕದ ಹುಡುಗರೂ ಅದರಲ್ಲಿದ್ದರು.

ಊರ ಬೆಟ್ಟಕ್ಕೂ ಚೀಟಿ

ಶಿಖರ ಬೇಡ, ಬರೀ ಚಾರಣ ಸಾಕು ಅನ್ನುವವರಿಗೂ ಇದು ತಪ್ಪಿದ್ದಲ್ಲ. 2024ರ ಜೂನ್ ಮೊದಲ ವಾರ ಉತ್ತರಾಖಂಡದ ಸಹಸ್ರತಾಲ್ ಹಾದಿಯಲ್ಲಿ ಹಿಮಗಾಳಿಗೆ ಸಿಕ್ಕಿದ ಕರ್ನಾಟಕದ ಚಾರಣಿಗರ ತಂಡದಲ್ಲಿ ಒಂಬತ್ತು ಮಂದಿ ಸತ್ತರು. ಮಾರ್ಗದರ್ಶಿಗಳೂ ಸೇರಿ ತಂಡದಲ್ಲಿದ್ದವರು 22 ಮಂದಿ. ಉಳಿದ ಹದಿಮೂರು ಜನರನ್ನು ರಕ್ಷಿಸಿ ಕೆಳಕ್ಕೆ ತರಲಾಯಿತು. ಇಂಥ ಹೊತ್ತಿನಲ್ಲಿ ಕೆಳಗೆ ಕಚೇರಿಯಲ್ಲಿ ಬರೆಸಿಟ್ಟ ಹೆಸರುಗಳೇ ಎಷ್ಟು ಜನರನ್ನು ಹುಡುಕಬೇಕು, ಯಾವ ದಾರಿಯಲ್ಲಿ ಹುಡುಕಬೇಕು, ಯಾರ ಮನೆಗೆ ಸುದ್ದಿ ಮುಟ್ಟಿಸಬೇಕು ಅನ್ನುವುದಕ್ಕೆ ಆಧಾರ.

ಹೆಸರು ಬರೆಸದೆ ಕಾಡು ಹೊಕ್ಕರೆ ಏನಾಗುತ್ತದೆಂದು 2018ರ ಮಾರ್ಚ್‌ನಲ್ಲಿ ತಮಿಳುನಾಡಿನ ತೇನಿ ಜಿಲ್ಲೆಯ ಕುರಂಗಣಿ ತೋರಿಸಿತು. ಆ ಹಾದಿಗೆ ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಹೋಗಿದ್ದ ಚಾರಣಿಗರು ಕಾಡ್ಗಿಚ್ಚಿಗೆ ಸಿಕ್ಕಿ ಇಪ್ಪತ್ತಕ್ಕೂ ಹೆಚ್ಚು ಮಂದಿ ಪ್ರಾಣ ಬಿಟ್ಟರು. ತಮಿಳುನಾಡು ಸರ್ಕಾರ 2024ರ ಅಕ್ಟೋಬರ್‌ನಲ್ಲಿ ನೀಲಗಿರಿಯೂ ಸೇರಿದಂತೆ 40 ಹಾದಿಗಳಿಗೆ ಆನ್‌ಲೈನ್ ಬುಕಿಂಗ್ ಆರಂಭಿಸಿತು. ಕರ್ನಾಟಕದಲ್ಲಿ 2024ರ ಜನವರಿಯಲ್ಲಿ ಕುಮಾರಪರ್ವತದಲ್ಲಿ ಜನಜಂಗುಳಿ ಆದ ಮೇಲೆ ಆನ್‌ಲೈನ್ ಚೀಟಿ ಬಂತು. ವಯನಾಡಿನ ಚೆಂಬ್ರ ಬೆಟ್ಟಕ್ಕೂ ಅರಣ್ಯ ಇಲಾಖೆಯ ಚೀಟಿ ಬೇಕು. ಬೇಸಿಗೆಯಲ್ಲಿ ಬೆಂಕಿಯ ಭಯ, ಮಳೆಗಾಲದಲ್ಲಿ ಜಾರುವ ಭಯ. ದಾರಿ ಯಾವಾಗ ತೆರೆದಿದೆ, ಯಾವಾಗ ಮುಚ್ಚಿದೆ ಅಂತ ಹಿಂದಿನ ದಿನವೇ ಅರಣ್ಯ ಕಚೇರಿಗೆ ಫೋನ್ ಮಾಡಿ ಕೇಳಿಕೊಂಡು ಬಸ್ ಹತ್ತುವುದು ಲೇಸು.