ಕಿತ್ತಯ್ಯನಿಗೆ ಮಂಟಪವಾಯಿತು, ಬೀದಿಗೆ?

ಉತ್ತರ ಬೆಂಗಳೂರಿನ ಗಂಗಾನಗರದ ಆಸುಪಾಸಿನಲ್ಲಿ ಪಾರಂಪರಿಕ ಬೀದಿ ಯಾವುದಿದೆ ಎಂದು ಕೇಳಿದರೆ ನಗುವವರೇ ಹೆಚ್ಚು. ಮೇನು, ಕ್ರಾಸು ಎಂದು ಗೆರೆ ಎಳೆದು ಸೈಟು ಹಂಚಿದ ಬಡಾವಣೆಗೆ ಎಲ್ಲಿಯ ಪರಂಪರೆ? ಅದೇನಿದ್ದರೂ ಮಲ್ಲೇಶ್ವರ, ಬಸವನಗುಡಿಗೆ ಸೇರಿದ್ದು ಎಂಬುದು ನಮ್ಮ ರೂಢಿ. ಆದರೆ ಆ ಎರಡೂ 1898ರ ಪ್ಲೇಗಿನ ನಂತರ ತುಂಬಿಕೊಂಡ ಬಡಾವಣೆಗಳು. ಗಂಗಾನಗರಕ್ಕೆ ಕೂಗಳತೆಯ ಹೆಬ್ಬಾಳದಲ್ಲಿ 2018ರಲ್ಲಿ ಚರಂಡಿಗೆಂದು ನೆಲ ಅಗೆದಾಗ ಎದ್ದುಬಂದ ವೀರಗಲ್ಲು ಸುಮಾರು ಕ್ರಿ.ಶ. 750ರದು. ಗಂಗರ ಶ್ರೀಪುರುಷನ ಕಾಲದಲ್ಲಿ ರಟ್ಟರ (ರಾಷ್ಟ್ರಕೂಟರ) ದಾಳಿಯ ವೇಳೆ ಕಾದಿ ಮಡಿದ ಕಿತ್ತಯ್ಯನ ಕಲ್ಲು ಅದು. ಅದರಲ್ಲಿ ಈ ಸೀಮೆಯ ಹೆಸರು ಪೆರ್ಬೊಳಲ್ ನಾಡು. ಪೆರ್ ಎಂದರೆ ಹಿರಿದು, ಪೊಳಲ್ ಎಂದರೆ ಪಟ್ಟಣ. ಹಳಗನ್ನಡದ ಪಕಾರ ಹಕಾರವಾಗಿ ಇಂದಿನ ಹೆಬ್ಬಾಳ. ಫ್ಲೈಓವರಿನ ಜಾಮ್‌ನಲ್ಲಿ ನಿಂತು ಬಯ್ದುಕೊಳ್ಳುವ ಹೆಸರಿಗೆ ಹನ್ನೆರಡೂವರೆ ಶತಮಾನದ ಆಯಸ್ಸು.

ಕಲ್ಲಿಗೇನೋ ಒಳ್ಳೆಯದಾಯಿತು. ಆಸಕ್ತರು ದೇಣಿಗೆ ಕೂಡಿಸಿ ಮಂಟಪ ಕಟ್ಟಿಸಿದರು. ಬೆಂಗಳೂರಿನ ಶಾಸನಗಳನ್ನು ಮೂರು ಆಯಾಮದಲ್ಲಿ ಸ್ಕ್ಯಾನ್ ಮಾಡಿಡುವ ಕೆಲಸವನ್ನು ಮಿಥಿಕ್ ಸೊಸೈಟಿ ಕೈಗೆತ್ತಿಕೊಂಡಿದೆ. ಆದರೆ ಕಲ್ಲನ್ನು ಅಷ್ಟು ಕಾಲ ಒಡಲಲ್ಲಿಟ್ಟುಕೊಂಡಿದ್ದ ಊರಬೀದಿ ಯಾರ ಲೆಕ್ಕಕ್ಕೂ ಬರಲಿಲ್ಲ. ಹೆಬ್ಬಾಳ, ಮಠದಹಳ್ಳಿ, ಭೂಪಸಂದ್ರ, ಗೆದ್ದಲಹಳ್ಳಿಗಳಂಥ ಗ್ರಾಮಠಾಣಗಳ (ಹಳೆಯ ಹಳ್ಳಿಯ ವಸತಿ ನೆಲೆಗಳ) ಬೀದಿಗಳೇ ಉತ್ತರ ಬೆಂಗಳೂರಿನಲ್ಲಿ ನಿಜವಾಗಿ ಹಳೆಯವು. ಕಾಪಾಡಬೇಕಾದದ್ದು ಅಲ್ಲಿನ ಬೀದಿಯ ಜಾಡನ್ನು. ಅಂದರೆ ಅದರ ತಿರುವು, ಅಗಲ, ಕಟ್ಟೆ, ನೆಲದ ಮಟ್ಟ.

ಅಲ್ಲಿ ಉಳಿದಿರುವುದಾದರೂ ಏನು, ಹೆಂಚಿನ ಮನೆಗಳೆಲ್ಲ ಹೋಗಿ ನಾಲ್ಕಂತಸ್ತಿನ ಬಾಡಿಗೆ ಮನೆಗಳು ಎದ್ದಿಲ್ಲವೇ ಎಂದು ಕೇಳಬಹುದು. ನಿಜ. ಆದರೆ ಬೀದಿಯ ಆಯಸ್ಸು ಮನೆಯ ಆಯಸ್ಸಿಗಿಂತ ದೊಡ್ಡದು. ಕೆಂಪೇಗೌಡರು 1537ರಲ್ಲಿ ಕಟ್ಟಿಸಿದ ಪೇಟೆಯ ಮಣ್ಣಿನ ಗೋಡೆ ಇಂದಿಲ್ಲ, ಯಲಹಂಕ ಬಾಗಿಲೂ ಇಲ್ಲ. ಆದರೂ ಆ ಬಾಗಿಲಿನಿಂದ ದಕ್ಷಿಣಕ್ಕಿಳಿಯುತ್ತಿದ್ದ ದೊಡ್ಡಪೇಟೆ ಇಂದು ಅವೆನ್ಯೂ ರಸ್ತೆಯೆಂಬ ಹೆಸರಿನಲ್ಲಿ ಅದೇ ಜಾಡಿನಲ್ಲಿದೆ, ಚಿಕ್ಕಪೇಟೆಯನ್ನು ಈಗಲೂ ಅಡ್ಡ ಹಾಯುತ್ತದೆ. ಲಂಡನ್ನಿನದು ಇನ್ನೂ ಕಣ್ಣಿಗೆ ಹೊಡೆಯುವ ಉದಾಹರಣೆ. 1666ರ ಬೆಂಕಿಯಲ್ಲಿ ಹಳೆಯ ನಗರದ ಬಹುಭಾಗ ಬೂದಿಯಾಯಿತು. ಕ್ರಿಸ್ಟೋಫರ್ ರೆನ್ ವಿಶಾಲ ನೇರ ರಸ್ತೆಗಳ ನಕ್ಷೆ ತಂದರೂ ಊರು ಬಹುಪಾಲು ಹಳೆಯ ಗೆರೆಗಳ ಮೇಲೆಯೇ ಎದ್ದಿತು. ಗೋಡೆ ಇಟ್ಟಿಗೆ-ಕಲ್ಲಿನದಾಗಬೇಕೆಂಬ ಕಾನೂನು ಬಂತು, ತೀರಾ ಅಗತ್ಯವಿದ್ದ ಕೆಲವು ಬೀದಿ ಅಗಲವಾದವು. ಒಂದೇ ಒಂದು ಹಳೆಯ ಮನೆ ಉಳಿಯದ ಬೀದಿಯೂ ಹಳೆಯ ಬೀದಿಯಾಗಿಯೇ ಇರಬಲ್ಲದು.

ಬೀದಿ ಅಗಲ ಮಾಡದಿದ್ದರೆ ಆಂಬುಲೆನ್ಸು ಹೇಗೆ ಬರುತ್ತದೆ ಎಂಬ ಪ್ರಶ್ನೆಯನ್ನು ಮಾತ್ರ ತಳ್ಳಿಹಾಕುವಂತಿಲ್ಲ. ಬೆಂಕಿ ಬಿದ್ದಾಗ ಅಗ್ನಿಶಾಮಕ ವಾಹನ ಹೊರಳದ ಮೂಲೆಯಿದ್ದರೆ ಆ ಮೂಲೆಯನ್ನು ದುಡ್ಡು ಕೊಟ್ಟು ಕೊಂಡು ಸರಿಪಡಿಸಲೇಬೇಕು. ಆದರೆ ಸಾಮಾನ್ಯವಾಗಿ ದಾರಿ ಕಟ್ಟುವುದು ಎರಡೂ ಬದಿ ನಿಲ್ಲಿಸಿದ ಕಾರುಗಳು. ಬೀದಿ ಅಗಲ ಮಾಡಿದರೆ ಇನ್ನೊಂದು ಸಾಲು ಕಾರು ನಿಲ್ಲುತ್ತದೆ. ಮನೆಯವರ ಹಕ್ಕಿನ ಮಾತೂ ಹಾಗೆಯೇ. ಸಂರಕ್ಷಣೆ ಎಂದೊಡನೆ ಬಡವನ ಸೈಟಿಗೆ ಬೀಗ ಹಾಕಿದಂತೆ ಎನ್ನುವವರು ಅಗಲೀಕರಣದ ಲೆಕ್ಕವನ್ನೂ ಹಾಕಲಿ: ಗ್ರಾಮಠಾಣದ ಪುಟ್ಟ ನಿವೇಶನದಲ್ಲಿ ಹತ್ತಡಿ ಹೋದರೆ ಉಳಿಯುವುದು ಅಡುಗೆಮನೆ ಮತ್ತು ಕೈಯಲ್ಲೊಂದು ಟಿಡಿಆರ್ (ವರ್ಗಾಯಿಸಬಹುದಾದ ಅಭಿವೃದ್ಧಿ ಹಕ್ಕು) ಪತ್ರ. ಜಾಡು ಉಳಿಸಿ ಎನ್ನುವ ನಿಯಮ ಮನೆ ಕೆಡವಿ ಕಟ್ಟುವುದಕ್ಕೆ ಅಡ್ಡ ಬರುವುದಿಲ್ಲ. ಬೀದಿಯ ಅಂಚು ದಾಟಬೇಡಿ, ಕಟ್ಟೆ ಮುಟ್ಟಬೇಡಿ ಎಂದಷ್ಟೇ ಕೇಳುತ್ತದೆ.

ಕಾನೂನಿನ ಕೊರತೆ ಅಷ್ಟಾಗಿ ಇಲ್ಲ. ಒಂಟಿ ಸ್ಮಾರಕಗಳಿಗೆ 1961ರ ರಾಜ್ಯ ಕಾಯ್ದೆಯಿದೆ. ನಗರ ಯೋಜನಾ ಕಾಯ್ದೆಗೂ ತಿದ್ದುಪಡಿಯಾಗಿ ಪಾರಂಪರಿಕ ಪ್ರದೇಶವೆಂಬ ಮಾತು ಸೇರಿದೆ. ಕೊರತೆ ಇರುವುದು ಗುತ್ತಿಗೆದಾರನ ಕೈಗೆ ಹೋಗುವ ಕಾಗದದಲ್ಲಿ. ಹಳೆಯ ಡಾಂಬರು ಕೆರೆಯದೆ ಮೇಲೆ ಮೇಲೆ ಹೊಸದನ್ನು ಸುರಿದು, ಒಂದು ಕಾಲಕ್ಕೆ ಕೂತು ಕಾಲು ಇಳಿಬಿಡುತ್ತಿದ್ದ ಅಶ್ವತ್ಥಕಟ್ಟೆ ಈಗ ಮೊಣಕಾಲಿಗಿಂತ ತಗ್ಗು. ನಾಗರಕಲ್ಲಿನ ಬುಡ ಹೂತಿದೆ. ಮಳೆ ಬಂದರೆ ಹೊಸ್ತಿಲು ದಾಟಿ ನೀರು ಒಳಗೆ. ಕೆರೆದು ಹಾಕು ಎಂಬ ಒಂದು ಸಾಲು ಟೆಂಡರಿನಲ್ಲಿದ್ದರೆ ಕಟ್ಟೆಯೂ ಉಳಿಯುತ್ತದೆ, ಮನೆಯೂ ಒಣಗಿರುತ್ತದೆ. ನೆಲ ಅಗೆಯುವ ಕೆಲಸಕ್ಕೂ ಇಂಥದೇ ಒಂದು ಸಾಲು ಬೇಕು. ಶಾಸನತಜ್ಞ ಬಿ.ಎಲ್. ರೈಸ್ 1905ರಲ್ಲೇ ಬೆಂಗಳೂರು ಜಿಲ್ಲೆಯ ಶಾಸನಗಳನ್ನು ಎಪಿಗ್ರಾಫಿಯಾ ಕರ್ನಾಟಿಕಾದ ಒಂಬತ್ತನೇ ಸಂಪುಟದಲ್ಲಿ ಪ್ರಕಟಿಸಿದ್ದರು. ಕಿತ್ತಯ್ಯ ಸಿಕ್ಕಿದ್ದು ಅದಾಗಿ 113 ವರ್ಷಕ್ಕೆ, ಅದೂ ಚರಂಡಿಯ ಗುಂಡಿಯಲ್ಲಿ. ಗ್ರಾಮಠಾಣದಲ್ಲಿ ಮುಂದಿನ ಪೈಪಿಗೆ ಜೆಸಿಬಿ ಇಳಿಸುವ ಮುನ್ನ ಶಾಸನ ಓದಬಲ್ಲ ಒಬ್ಬರನ್ನು ಅರ್ಧ ದಿನ ಗುಂಡಿಯ ಪಕ್ಕ ನಿಲ್ಲಿಸಲು ಎಷ್ಟು ಖರ್ಚಾದೀತು?