ಹಿಂದಿನ ಪಗಾರ ಎಷ್ಟಿತ್ತು?
ಗುತ್ತಿಗೆ ಕೆಲಸ ಹುಡುಕುವವರಿಗೆ ಕೆಲವು ಮಾತು

ಧಾರವಾಡದಿಂದ ಸವದತ್ತಿಗೆ ಹೋಗುವ ರಸ್ತೆಯಲ್ಲಿರುವ ಅಮ್ಮಿನಬಾವಿ ಬೇಸಾಯದ ಊರು. ಆದರೆ ಇಂಥ ಊರುಗಳ ಮನೆಗಳಲ್ಲಿ ಈಗ ಹೊಲದ ದುಡಿಮೆಯ ಜೊತೆಗೆ ಇನ್ನೊಂದು ದುಡಿಮೆಯೂ ಸೇರಿಕೊಂಡಿದೆ. ಐಟಿಐ ಮುಗಿಸಿದವರು ಬೇಲೂರು ಕೈಗಾರಿಕಾ ಪ್ರದೇಶದ ಕಾರ್ಖಾನೆಗಳಿಗೆ, ಪದವಿ ಪಡೆದವರು ಧಾರವಾಡದ ಕಾಲೇಜುಗಳಿಗೆ, ಕಂಪ್ಯೂಟರ್ ಕಲಿತವರು ಹುಬ್ಬಳ್ಳಿ ಅಥವಾ ಬೆಂಗಳೂರಿನ ಕಚೇರಿಗಳಿಗೆ ಹೋಗುತ್ತಾರೆ. ಇವರಲ್ಲಿ ಅನೇಕರದು ಕಾಯಂ ನೌಕರಿಯಲ್ಲ. ಆರು ತಿಂಗಳು, ಹನ್ನೊಂದು ತಿಂಗಳು, ಹೆಚ್ಚೆಂದರೆ ಒಂದು ವರ್ಷದ ಗುತ್ತಿಗೆ. ಅವಧಿ ಮುಗಿದೊಡನೆ ಮತ್ತೆ ಏಜೆನ್ಸಿಗೆ ಫೋನು, ಮತ್ತೆ ಅದೇ ಪ್ರಶ್ನೆ: "ಹಿಂದಿನ ಕೆಲಸದಾಗ ಪಗಾರ ಎಷ್ಟಿತ್ರಿ?"

ಪ್ರಶ್ನೆ ಸಣ್ಣದು. ಆದರೆ ಮುಂದಿನ ಒಂದು ವರ್ಷ ಮನೆಗೆ ಎಷ್ಟು ಹಣ ಬರುತ್ತದೆ ಎಂಬುದು ಬಹಳ ಸಲ ಇದಕ್ಕೆ ಕೊಡುವ ಉತ್ತರದಿಂದಲೇ ತೀರ್ಮಾನವಾಗುತ್ತದೆ. ಆದ್ದರಿಂದ ಆ ಉತ್ತರವನ್ನು ಫೋನು ಬಂದಾಗ ಅಲ್ಲ, ಅದಕ್ಕೆ ಮೊದಲೇ ಯೋಚಿಸಿಟ್ಟುಕೊಳ್ಳುವುದು ಒಳ್ಳೆಯದು.

ಅವರು ಏಕೆ ಕೇಳುತ್ತಾರೆ?

ಕೆಲಸಕ್ಕೆ ಜನರನ್ನು ಒದಗಿಸುವ ಏಜೆನ್ಸಿ ಇಬ್ಬರ ನಡುವೆ ನಿಂತಿರುತ್ತದೆ. ಕಂಪನಿ ಒಂದು ಹುದ್ದೆಗೆ ಇಂತಿಷ್ಟು ಎಂದು ಏಜೆನ್ಸಿಗೆ ಕೊಡುತ್ತದೆ. ಏಜೆನ್ಸಿ ಅದರಲ್ಲಿ ನಿಮ್ಮ ಪಗಾರ, ಭವಿಷ್ಯ ನಿಧಿ, ಇಎಸ್‌ಐ, ಬೋನಸ್ಸು ಮುಂತಾದುವನ್ನು ಕಳೆಯುತ್ತದೆ. ಉಳಿದದ್ದು ಅದರ ಪಾಲು.

ಲೆಕ್ಕ ತಿಳಿಯಲು ಒಂದು ಉದಾಹರಣೆ ನೋಡೋಣ. ಒಂದು ಹುದ್ದೆಗೆ ಕಂಪನಿ ತಿಂಗಳಿಗೆ 28,000 ರೂಪಾಯಿ ಕೊಡುತ್ತದೆ ಎಂದಿಟ್ಟುಕೊಳ್ಳಿ. ನಿಮ್ಮ ಹಿಂದಿನ ಪಗಾರ 16,000 ಎಂದು ತಿಳಿದರೆ ಏಜೆನ್ಸಿ 17,000 ಎನ್ನಬಹುದು. ಸಾವಿರ ಹೆಚ್ಚಾಯಿತೆಂದು ನೀವು ಸಂತೋಷದಿಂದ ಒಪ್ಪುತ್ತೀರಿ. ಇತರ ಖರ್ಚು 4,000 ಎಂದು ಹಿಡಿದರೂ ಏಜೆನ್ಸಿಗೆ 7,000 ಉಳಿಯಿತು. ಅದೇ ಹುದ್ದೆಗೆ ನಿಮ್ಮ ಪಗಾರ 20,000, ಇತರ ಖರ್ಚು 4,500 ಆಗಿದ್ದರೂ ಅವರಿಗೆ 3,500 ಉಳಿಯುತ್ತಿತ್ತು. ಅಂದರೆ ಕಂಪನಿಯ ಕಿಸೆಯಿಂದ ಒಂದು ರೂಪಾಯಿಯೂ ಹೆಚ್ಚು ಹೋಗದೆ ನಿಮಗೆ ಮೂರು ಸಾವಿರ ಹೆಚ್ಚು ಸಿಗಬಹುದಿತ್ತು.

ಎಲ್ಲ ಒಪ್ಪಂದಗಳೂ ಹೀಗೇ ಇರುವುದಿಲ್ಲ. ಕೆಲವು ಕಡೆ ಏಜೆನ್ಸಿಗೆ ನಿಗದಿತ ಸೇವಾ ಶುಲ್ಕ ಮಾತ್ರ ಇರುತ್ತದೆ. ಅಲ್ಲಿ ನಿಮ್ಮ ಪಗಾರ ಇಳಿಸುವುದರಿಂದ ಅದಕ್ಕೆ ಲಾಭವಿಲ್ಲ. ಕೇಳುವವರೆಲ್ಲ ಮೋಸಗಾರರೂ ಅಲ್ಲ. ನಿಮ್ಮ ನಿರೀಕ್ಷೆ ಕಂಪನಿಯ ಮಿತಿಯೊಳಗಿದೆಯೇ ಎಂದು ತಿಳಿಯಲೂ ಕೇಳಿಯಾರು. ಆದರೆ ಆ ಸಂಗತಿ ತಿಳಿಯಲು ನಿಮ್ಮ ಹಿಂದಿನ ಪಗಾರ ಬೇಕಿಲ್ಲ. ಮುಂದೆ ಎಷ್ಟು ಬೇಕು ಎಂದು ಕೇಳಿದರೆ ಸಾಕು.

ದರ ಯಾವುದಕ್ಕೆ?

ಅಮರಗೋಳದ ಎಪಿಎಂಸಿಗೆ ಮೆಣಸಿನಕಾಯಿ ಒಯ್ದಾಗ ಈ ವರ್ಷದ ಮಾಲಿನ ಬಣ್ಣ, ಒಣಗು, ಆವಕ ನೋಡಿ ದರ ಆಗುತ್ತದೆ. ಹೋದ ವರ್ಷ ಮಳೆ ಹೊಡೆದು ಕಡಿಮೆಗೆ ಮಾರಿದ್ದೀರೆಂದು ಈ ವರ್ಷವೂ ಕಡಿಮೆಗೆ ಕೊಡಿ ಎಂದರೆ ಯಾವ ರೈತನೂ ಒಪ್ಪುವುದಿಲ್ಲ. ದುಡಿಮೆಯ ವಿಷಯದಲ್ಲಿ ಮಾತ್ರ ನಾವು ಇದನ್ನು ಸುಲಭವಾಗಿ ಒಪ್ಪಿಬಿಡುತ್ತೇವೆ.

ಧಾರವಾಡದಂಥ ಕಾಲೇಜುಗಳ ಊರಿನವರಿಗೆ ಇದಕ್ಕೊಂದು ಪರಿಚಿತ ನಿದರ್ಶನವಿದೆ. ರಾಜ್ಯದ ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳ ಅತಿಥಿ ಉಪನ್ಯಾಸಕರಿಗೆ ಮೊದಲು ತಿಂಗಳಿಗೆ 11,000 ಇಲ್ಲವೆ 13,000 ರೂಪಾಯಿ ಗೌರವಧನವಿತ್ತು. 2022ರ ಜನವರಿಯಲ್ಲಿ ಅದನ್ನು ವಿದ್ಯಾರ್ಹತೆ ಮತ್ತು ಸೇವೆಯ ವರ್ಷಗಳ ಮೇಲೆ 26,000ದಿಂದ 32,000ದವರೆಗೆ ನಿಗದಿ ಮಾಡಲಾಯಿತು. ವಾರದ ಬೋಧನೆಯ ಗಂಟೆಗಳೂ ಹೆಚ್ಚಿದವು. ಅಲ್ಲಿ ದರ ನಿಂತದ್ದು ಹಿಂದಿನ ಹಣದ ಮೇಲಲ್ಲ. ವಿದ್ಯೆ, ಅನುಭವ ಮತ್ತು ಕೆಲಸದ ಮೇಲೆ. ಸರ್ಕಾರಿ ಸಂಸ್ಥೆಗಳ ತಾತ್ಕಾಲಿಕ ನೌಕರರ ಬಗ್ಗೆ ಸರ್ವೋಚ್ಚ ನ್ಯಾಯಾಲಯ 2016ರ ಅಕ್ಟೋಬರ್ 26ರಂದು ಪಂಜಾಬ್ ರಾಜ್ಯದ ಪ್ರಕರಣವೊಂದರಲ್ಲಿ ಸಮಾನ ಕೆಲಸಕ್ಕೆ ಸಮಾನ ವೇತನದ ತತ್ವವನ್ನು ಎತ್ತಿಹಿಡಿದದ್ದೂ ಇದೇ ದಾರಿಯದು.

ಹೆಣ್ಣುಮಕ್ಕಳಿಗೆ ಈ ಪ್ರಶ್ನೆಯ ಪೆಟ್ಟು ಇನ್ನೂ ಜೋರು. ಹೊಲದಲ್ಲಿ ಹೆಣ್ಣಾಳಿಗೆ ಗಂಡಾಳಿಗಿಂತ ಕಡಿಮೆ ಕೂಲಿ ಕೊಡುವ ರೂಢಿ ನಮಗೆ ಹೊಸದಲ್ಲ. ಮೊದಲ ನೌಕರಿಯಲ್ಲೂ ಹಾಗೆಯೇ ಕಡಿಮೆಗೆ ಸೇರಿದವಳು, ಮುಂದಿನ ಪ್ರತಿ ನೌಕರಿಯಲ್ಲೂ ಹಿಂದಿನ ಪಗಾರದ ಮೇಲೆ ಸ್ವಲ್ಪ ಸೇರಿಸಿಕೊಂಡು ಹೋದರೆ, ಆ ಮೊದಲ ಅನ್ಯಾಯ ಕೊನೆಯವರೆಗೂ ಬೆನ್ನು ಹತ್ತುತ್ತದೆ. ಇದನ್ನು ಮನಗಂಡೇ ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯ 2016ರಲ್ಲಿ ಕಾನೂನು ಮಾಡಿ, 2018ರ ಜುಲೈಯಿಂದ ಈ ಪ್ರಶ್ನೆಗೆ ಕಡಿವಾಣ ಹಾಕಿತು. ಯುರೋಪಿಯನ್ ಒಕ್ಕೂಟವೂ 2023ರ ವೇತನ ಪಾರದರ್ಶಕತೆಯ ನಿರ್ದೇಶನದಲ್ಲಿ ಅಭ್ಯರ್ಥಿಯ ಹಿಂದಿನ ವೇತನ ಕೇಳಬಾರದೆಂದು ಹೇಳಿದೆ. ನಮ್ಮಲ್ಲಿ ಕೇಳಬಾರದೆಂಬ ಕಾನೂನಿಲ್ಲ. ಹಾಗೆಯೇ ಫೋನಿನಲ್ಲಿ ಕೇಳಿದ ತಕ್ಷಣ ಹೇಳಲೇಬೇಕೆಂಬ ಕಾನೂನೂ ಇಲ್ಲ.

ಹೇಗೆ ಉತ್ತರಿಸಬೇಕು?

ಸಿಡುಕಬೇಡಿ, ತಡವರಿಸಲೂ ಬೇಡಿ. ಮಾತನ್ನು ಹಿಂದಿನ ಕೆಲಸದಿಂದ ಮುಂದಿನ ಕೆಲಸಕ್ಕೆ ತಿರುಗಿಸಿ. "ಆ ಕೆಲಸವೇ ಬೇರೆ, ಈ ಕೆಲಸವೇ ಬೇರೆ. ಈ ಹುದ್ದೆಗೆ ಕಂಪನಿಯವರು ಎಷ್ಟರಿಂದ ಎಷ್ಟರವರೆಗೆ ಇಟ್ಟಿದ್ದಾರೆ, ಹೇಳುತ್ತೀರಾ?" ಎಂದು ಕೇಳಿ. ಅವರು ಹೇಳದಿದ್ದರೆ ನಿಮ್ಮ ಅಂಕಿಯನ್ನು ನೀವೇ ಹೇಳಿ: "ಈ ಜವಾಬ್ದಾರಿಗೆ, ಈ ಅವಧಿಗೆ ನನ್ನ ನಿರೀಕ್ಷೆ ಇಷ್ಟು." ಹಿಂದಿನ ಒಪ್ಪಂದದಲ್ಲಿ ದರವನ್ನು ಹೊರಗೆ ಹೇಳಬಾರದೆಂಬ ಷರತ್ತಿದ್ದರೆ ಅದನ್ನೂ ಸ್ಪಷ್ಟವಾಗಿ ತಿಳಿಸಿ.

ಮತ್ತೆ ಮತ್ತೆ ಒತ್ತಾಯಿಸಿದರೆ? ಆಗ ಎರಡೇ ದಾರಿ: ಹೇಳುವುದಿಲ್ಲ ಎನ್ನುವುದು ಅಥವಾ ನಿಜ ಹೇಳುವುದು. ಸುಳ್ಳು ಮೂರನೆಯ ದಾರಿಯಲ್ಲ. ಕೆಲಸಕ್ಕೆ ಸೇರುವಾಗ ಪಗಾರ ಚೀಟಿ, ಬ್ಯಾಂಕಿನ ಲೆಕ್ಕಪಟ್ಟಿ, ಫಾರಂ 16 ಕೇಳುವುದು ಸಾಮಾನ್ಯ. ಭವಿಷ್ಯ ನಿಧಿಯ ಪಾಸ್‌ಬುಕ್ಕಿನಲ್ಲಿ ತಿಂಗಳು ತಿಂಗಳು ಜಮೆಯಾದ ವಂತಿಗೆಯಿಂದ ಹಳೆಯ ಪಗಾರದ ಅಂದಾಜು ಸಿಗುತ್ತದೆ. 16,000ವನ್ನು 22,000 ಎಂದು ಹೇಳಿ ಸಿಕ್ಕಿಬಿದ್ದರೆ ದರವಷ್ಟೇ ಅಲ್ಲ, ಕೆಲಸವೂ ಹೋಗುತ್ತದೆ. ನಿಜ ಹೇಳುವುದಾದರೆ ಅದರ ಜೊತೆಗೇ ಕಾರಣವನ್ನೂ ಹೇಳಿ: "ಅಲ್ಲಿ 16,000 ಇತ್ತು. ಅದು ಮನೆಯಿಂದ ಓಡಾಡುವ ಕೆಲಸ, ಒಂದೇ ಯಂತ್ರದ ಜವಾಬ್ದಾರಿ. ಇಲ್ಲಿ ಪಾಳಿಯೂ ಇದೆ, ಬಾಡಿಗೆ ಮನೆಯೂ ಬೇಕು. ಆದ್ದರಿಂದ 21,000 ಕೇಳುತ್ತಿದ್ದೇನೆ."

ಕಾಯಂ ಪಗಾರ, ಗುತ್ತಿಗೆ ದರ

ಕಾಯಂ ಕೆಲಸದಿಂದ ದಿನದ ದರದ ಗುತ್ತಿಗೆಗೆ ಬರುವವರು ಒಂದು ಲೆಕ್ಕವನ್ನು ತಪ್ಪದೆ ಮಾಡಬೇಕು. ತಿಂಗಳಿಗೆ 24,000 ಬರುತ್ತಿತ್ತೆಂದರೆ 30ರಿಂದ ಭಾಗಿಸಿ ದಿನಕ್ಕೆ 800 ಎನ್ನುವುದು ಸರಿಯಲ್ಲ. ವರ್ಷದ 365 ದಿನಗಳಲ್ಲಿ 52 ಭಾನುವಾರ ಕಳೆದರೆ 313. ಹಬ್ಬ ಹತ್ತು, ಜ್ವರ, ಮದುವೆ, ಬಿತ್ತನೆ ಎಂದು ರಜೆ ಹದಿನೈದು, ಉಳಿದದ್ದು 288. ಒಂದು ಗುತ್ತಿಗೆ ಮುಗಿದು ಇನ್ನೊಂದು ಸಿಗುವವರೆಗೆ 24 ದಿನ ಹೋದವೆಂದರೆ ದುಡಿಯುವ ದಿನ 264 ಮಾತ್ರ. ವರ್ಷದ 2,88,000 ರೂಪಾಯಿಯನ್ನು 264ರಿಂದ ಭಾಗಿಸಿ. ದಿನಕ್ಕೆ ಸುಮಾರು 1,091 ಆಗುತ್ತದೆ. ಭವಿಷ್ಯ ನಿಧಿ, ಆಸ್ಪತ್ರೆಯ ಖರ್ಚು ನಿಮ್ಮ ಮೇಲೆಯೇ ಬಿದ್ದರೆ ಅದು ಇದರ ಮೇಲೆ. 800ಕ್ಕೆ ಒಪ್ಪಿದವರು ಹಳೆಯ ಪಗಾರಕ್ಕೇ ಸೇರಿದ್ದೇವೆ ಎಂದುಕೊಳ್ಳುತ್ತಾರೆ; ವರ್ಷದ ಕೊನೆಗೆ ಕೈಗೆ ಬಂದದ್ದು 2,11,200. ಕಳೆದುಕೊಂಡದ್ದು 76,800.

ಕಾಲದ ಲೆಕ್ಕವೂ ಇದೆ. ಕರ್ನಾಟಕದಲ್ಲಿ ಕನಿಷ್ಠ ವೇತನದ ತುಟ್ಟಿಭತ್ಯೆ ಪ್ರತಿ ವರ್ಷ ಏಪ್ರಿಲ್‌ನಲ್ಲಿ ಪರಿಷ್ಕರಣೆಯಾಗುತ್ತ ಬಂದಿದೆ. ಎರಡು ವರ್ಷದ ಹಿಂದಿನ ಪಗಾರವನ್ನೇ ಇಂದು ಕೇಳಿದರೆ, ನಿಜವಾಗಿ ಕಡಿಮೆ ಕೇಳಿದಂತೆಯೇ. ನಿಮ್ಮ ಕೆಲಸಕ್ಕೆ ಈಗಿನ ಕನಿಷ್ಠ ದರ ಎಷ್ಟೆಂದು ಕಾರ್ಮಿಕ ಇಲಾಖೆಯ ಕಚೇರಿಯಲ್ಲಿ ವಿಚಾರಿಸಿಕೊಳ್ಳಿ. ಅದಕ್ಕಿಂತ ಕೆಳಗೆ ಇಳಿಯಲು ನೀವು ಒಪ್ಪಿದರೂ ಕಾನೂನು ಒಪ್ಪುವುದಿಲ್ಲ.

ಬರವಣಿಗೆಯಲ್ಲಿ ಪಡೆಯಿರಿ

1970ರ ಗುತ್ತಿಗೆ ಕಾರ್ಮಿಕರ ಕಾಯ್ದೆ ಮೊದಲಾದ ಹಳೆಯ ಕಾನೂನುಗಳನ್ನು ಒಳಗೊಂಡ ನಾಲ್ಕು ಕಾರ್ಮಿಕ ಸಂಹಿತೆಗಳು 2025ರ ನವೆಂಬರ್ 21ರಂದು ಜಾರಿಗೆ ಬಂದಿವೆ. ನೇಮಕಾತಿ ಪತ್ರ ಮತ್ತು ಪಗಾರ ಚೀಟಿ ಕೊಡುವುದನ್ನು ಇವು ಕಡ್ಡಾಯ ಮಾಡಿವೆ. ಐವತ್ತು ಅಥವಾ ಹೆಚ್ಚು ಗುತ್ತಿಗೆ ಕಾರ್ಮಿಕರಿರುವ ಕಡೆ ಗುತ್ತಿಗೆದಾರ ಕಾರ್ಮಿಕರಿಂದ ಕಮಿಷನ್ ಪಡೆಯುವಂತಿಲ್ಲ. ಕೇಳಿದರೆ ಅನುಭವ ಪತ್ರ ಕೊಡಬೇಕು. ಅವನು ಪಗಾರ ಕೊಡದಿದ್ದರೆ ಮುಖ್ಯ ಮಾಲೀಕ ಕೊಡಬೇಕಾಗುತ್ತದೆ. ಅನುಭವ ಪತ್ರವನ್ನು ಮರೆಯದೆ ಕೇಳಿ ಪಡೆಯಿರಿ. ಮುಂದಿನ ಸಲ ಪಗಾರದ ಪ್ರಶ್ನೆ ಬಂದಾಗ ನೀವು ಮುಂದಿಡಬೇಕಾದದ್ದು ಅದನ್ನೇ: ಎಷ್ಟು ಪಡೆದೆ ಎಂಬುದನ್ನಲ್ಲ, ಏನು ಮಾಡಿದೆ ಎಂಬುದನ್ನು.

ಏಜೆನ್ಸಿಗೆ ಫೋನು ಮಾಡುವ ಮುನ್ನ ಒಂದು ಚೀಟಿಯಲ್ಲಿ ಇವಿಷ್ಟನ್ನು ಬರೆದಿಟ್ಟುಕೊಳ್ಳಿ:

1. ನೀವು ಕೇಳುವ ದರ ಮತ್ತು ಇದಕ್ಕಿಂತ ಕೆಳಗೆ ಇಳಿಯಲಾರೆ ಎಂಬ ದರ.
2. ಆ ದರಕ್ಕೆ ಎರಡು ಕಾರಣ: ಕಲಿತ ಕೆಲಸ, ಹೊತ್ತ ಜವಾಬ್ದಾರಿ.
3. ಕೇಳಬೇಕಾದ ಪ್ರಶ್ನೆ: ಹೇಳುತ್ತಿರುವ ಮೊತ್ತ ಕೈಗೆ ಬರುವುದೋ, ಭವಿಷ್ಯ ನಿಧಿ ಮತ್ತು ಇಎಸ್‌ಐ ಸೇರಿಸಿಯೋ? ವಾರದ ರಜೆಗೆ ಪಗಾರ ಉಂಟೋ ಇಲ್ಲವೋ?
4. ಒಪ್ಪಂದದ ಅವಧಿ, ಮತ್ತು ಮುಂದುವರಿಸಿದರೆ ದರ ಎಷ್ಟು ಹೆಚ್ಚುತ್ತದೆ ಎಂಬುದು.

ನಾಲ್ಕೂ ಉತ್ತರಗಳು ಕಾಗದದ ಮೇಲೆ ಬಂದ ನಂತರವೇ ಸಹಿ ಮಾಡಿ.